ಕಾರ್ಖಾನೆಯ ಪತ್ರಾಗಾರ: ಉಳಿಸುವ ಅಧಿಕಾರ ಯಾರದು?

ದೊಡ್ಡ ಉತ್ಪಾದನಾ ಸಂಸ್ಥೆಗಳಲ್ಲಿ ಹಳೆಯ ಕಾಗದಪತ್ರಗಳ ವಿಲೇವಾರಿ ಸಾಮಾನ್ಯವಾಗಿ ಎರಡು ಸಂದರ್ಭಗಳಲ್ಲಿ ನಡೆಯುತ್ತದೆ. ಕಚೇರಿ ಬೇರೆ ಕಟ್ಟಡಕ್ಕೆ ಸ್ಥಳಾಂತರಗೊಳ್ಳುವಾಗ ಒಮ್ಮೆ, ಉಗ್ರಾಣದಲ್ಲಿ ಜಾಗ ಸಾಲದೆ ಬಂದಾಗ ಇನ್ನೊಮ್ಮೆ. ಎರಡೂ ಸಲ ತೀರ್ಮಾನ ಕೈಗೊಳ್ಳುವವರು ಆ ಕಾಗದಗಳನ್ನು ಬರೆದವರಲ್ಲ, ಮುಂದೆ ಬಳಸುವವರೂ ಅಲ್ಲ, ಜಾಗ ಬೇಕಾದವರು. ಸಂಸ್ಥೆಯ ಪತ್ರಾಗಾರವೆಂಬುದು ಮೂಲತಃ ಈ ತೀರ್ಮಾನವನ್ನು ಅವರ ಕೈಯಿಂದ ತೆಗೆದು ಹೊಣೆಯುಳ್ಳ ಮತ್ತೊಬ್ಬರಿಗೆ ಒಪ್ಪಿಸುವ ಏರ್ಪಾಡು.

ನಾನು ಹತ್ತಿರದಿಂದ ಬಲ್ಲ ಒಂದು ಯಂತ್ರ ತಯಾರಿಕಾ ಕಾರ್ಖಾನೆಗೆ, ತಾನು ಎಪ್ಪತ್ತರ ದಶಕದಲ್ಲಿ ಮಾರಿದ್ದ ಪ್ರೆಸ್ ಒಂದರ ಗಿಯರು ಬೇಕೆಂದು ಹಳೆಯ ಗ್ರಾಹಕರಿಂದ ಬೇಡಿಕೆ ಬಂದಿತು. ಲಾಭದ ಆರ್ಡರು, ಗ್ರಾಹಕರೂ ಅವಸರದಲ್ಲಿದ್ದರು. ಆದರೆ ಮೂಲ ಡ್ರಾಯಿಂಗುಗಳು ವಿನ್ಯಾಸ ವಿಭಾಗ ಸ್ಥಳಾಂತರಗೊಂಡ ವರ್ಷ ಗುಜರಿಗೆ ಹೋಗಿದ್ದವು. ಕಡೆಗೆ ಸವೆದ ಗಿಯರನ್ನೇ ಬಿಚ್ಚಿ ತರಿಸಿ ಅಳತೆ ತೆಗೆದರು. ಸವೆದ ಹಲ್ಲಿನ ಅಳತೆ ಸವೆತವನ್ನೂ ಸೇರಿಸಿಕೊಂಡೇ ಬರುತ್ತದೆ. ಯಾವ ಉಕ್ಕು, ಎಷ್ಟು ಗಡಸುತನ ಎಂಬುದು ಅಳತೆಯಿಂದ ತಿಳಿಯುವುದೂ ಇಲ್ಲ. ಎರಡು ಬಾರಿ ಮಾಡಿ ಎರಡು ಬಾರಿಯೂ ತಿರಸ್ಕೃತವಾದ ಮೇಲೆ ಮೂರನೆಯದು ಕೂಡಿತು. ಕಾಗದದ ತೂಕಕ್ಕೆ ಬಂದಿದ್ದ ಹಣವೆಷ್ಟೆಂದು ಯಾರೂ ನೆನಪಿಸಿಕೊಳ್ಳಲು ಇಷ್ಟಪಡಲಿಲ್ಲ.

ಇಂತಹ ತಪ್ಪಿನ ಹಿಂದೆ ಸಾಮಾನ್ಯವಾಗಿ ಒಂದು ತಪ್ಪು ತಿಳಿವಳಿಕೆ ಇರುತ್ತದೆ. 2013ರ ಕಂಪನಿಗಳ ಕಾಯ್ದೆಯ 128ನೇ ಕಲಂ ಲೆಕ್ಕಪುಸ್ತಕಗಳನ್ನು 8 ಹಣಕಾಸು ವರ್ಷಗಳವರೆಗೆ ಕಾಪಾಡಬೇಕೆನ್ನುತ್ತದೆ. ಸರಕು ಮತ್ತು ಸೇವಾ ತೆರಿಗೆಯ ದಾಖಲೆಗಳಿಗೆ, ವಾರ್ಷಿಕ ವಿವರಣೆ ಸಲ್ಲಿಸಬೇಕಾದ ದಿನದಿಂದ 72 ತಿಂಗಳ ಅವಧಿಯಿದೆ. ಸಭಾ ನಡಾವಳಿಗಳನ್ನು ಶಾಶ್ವತವಾಗಿ ಉಳಿಸಬೇಕು. ಇವೆಲ್ಲವೂ ಕನಿಷ್ಠ ಅವಧಿಗಳು. ಅವಧಿ ಮುಗಿದ ಮರುದಿನ ನಾಶಪಡಿಸಿರೆಂದು ಯಾವ ಕಾನೂನೂ ಹೇಳಿಲ್ಲ. ಆದರೆ ಬಹುತೇಕ ಕಚೇರಿಗಳು ಅದನ್ನು ಹಾಗೆಯೇ ಓದಿಕೊಳ್ಳುತ್ತವೆ. ಇನ್ನು ಡ್ರಾಯಿಂಗುಗಳು, ಪರೀಕ್ಷಾ ವರದಿಗಳು, ಅಚ್ಚುಗಳ ವಹಿ, ಬಣ್ಣ-ಮಿಶ್ರಲೋಹಗಳ ಸೂತ್ರಗಳು, ಬೆಲೆಪಟ್ಟಿ, ಜಾಹೀರಾತು ಇವುಗಳ ಬಗ್ಗೆ ಈ ನಿಯಮಗಳು ಏನನ್ನೂ ಹೇಳುವುದಿಲ್ಲ. ಕಾರ್ಖಾನೆಯ ನಿಜವಾದ ಜ್ಞಾನ ಅಡಗಿರುವುದು ಇವುಗಳಲ್ಲೇ. ತೆರಿಗೆಯ ಪಂಚಾಂಗ ಬೇರೆ, ಮೂವತ್ತು ನಲವತ್ತು ವರ್ಷ ದುಡಿಯುವ ಯಂತ್ರದ ಪಂಚಾಂಗ ಬೇರೆ.

ಹಳೆಯ ದಾಖಲೆಯ ಬೆಲೆ ನೌಕರರಿಗೂ ಇದೆ ಎಂಬುದಕ್ಕೆ ಇತ್ತೀಚಿನ ನಿದರ್ಶನ ಪಿಂಚಣಿಯದು. 2022ರ ನವೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ನೀಡಿದ ತೀರ್ಪಿನ ನಂತರ, ಅರ್ಹ ನೌಕರರು ಹೆಚ್ಚಿನ ವೇತನದ ಮೇಲಿನ ಪಿಂಚಣಿಗೆ ಅರ್ಜಿ ಸಲ್ಲಿಸಿದರು. ಆ ಯೋಜನೆ ಆರಂಭವಾದದ್ದು 1995ರ ನವೆಂಬರ್‌ನಲ್ಲಿ. ಅಂದರೆ ಎರಡು ದಶಕಗಳಿಗೂ ಹಿಂದಿನ ವೇತನದ ವಿವರವನ್ನು ಮಾಲೀಕ ಸಂಸ್ಥೆಗಳು ಒದಗಿಸಬೇಕಾಯಿತು. ಭವಿಷ್ಯ ನಿಧಿ ಸಂಘಟನೆ ಈ ಗಡುವನ್ನು ಮತ್ತೆ ಮತ್ತೆ ವಿಸ್ತರಿಸಿ ಕೊನೆಗೆ 2025ರ ಜನವರಿ 31ರವರೆಗೆ ತಂದಿತು. ವೇತನ ವಹಿಗಳನ್ನು ಉಳಿಸಿಕೊಂಡ ಸಂಸ್ಥೆಗೆ ಇದು ಕೆಲವು ದಿನಗಳ ಗುಮಾಸ್ತೆಯ ಕೆಲಸ. ‘ಎಂಟು ವರ್ಷ ಮುಗಿಯಿತು’ ಎಂದು ವಹಿಗಳನ್ನು ಮಾರಿದ್ದ ಸಂಸ್ಥೆಯ ನಿವೃತ್ತ ನೌಕರನಿಗೆ ಅದು ಜೀವನದ ಉಳಿದ ಆದಾಯದ ಪ್ರಶ್ನೆ.

ವ್ಯಾಪಾರ ಚಿಹ್ನೆಗಳ ವಿಷಯದಲ್ಲಿಯೂ ಹೀಗೆಯೇ. 1999ರ ವ್ಯಾಪಾರ ಚಿಹ್ನೆಗಳ ಕಾಯ್ದೆಯ 34ನೇ ಕಲಂ, ಒಂದು ಚಿಹ್ನೆಯನ್ನು ಮೊದಲಿನಿಂದ ಸತತವಾಗಿ ಬಳಸುತ್ತಾ ಬಂದವರಿಗೆ ರಕ್ಷಣೆ ಕೊಡುತ್ತದೆ. ಸತತ ಬಳಕೆಯನ್ನು ನ್ಯಾಯಾಲಯದಲ್ಲಿ ತೋರಿಸಬೇಕಾದುದು ಹಳೆಯ ಬಿಲ್ಲು, ಲೇಬಲ್ಲು, ದಿನಾಂಕವಿರುವ ಜಾಹೀರಾತುಗಳಿಂದ.

ಪಶ್ಚಿಮದ ಉದ್ದಿಮೆಗಳು ಇದನ್ನು ಶತಮಾನದ ಹಿಂದೆಯೇ ಗ್ರಹಿಸಿದವು. ಜರ್ಮನಿಯ ಎಸೆನ್ ನಗರದ ಉಕ್ಕಿನ ಸಂಸ್ಥೆ ಕ್ರುಪ್ 1905ರಲ್ಲಿ, ಸೀಮೆನ್ಸ್ 1907ರಲ್ಲಿ ತಮ್ಮ ಪತ್ರಾಗಾರಗಳನ್ನು ತೆರೆದವು. ನಮ್ಮ ದೇಶದಲ್ಲಿ ಟಾಟಾ ಸಮೂಹದ ಕೇಂದ್ರ ಪತ್ರಾಗಾರ 1991ರಲ್ಲಿ ಆರಂಭವಾಯಿತು. 1897ರಲ್ಲಿ ಬೀಗ ತಯಾರಿಕೆಯಿಂದ ಹೊರಟ ಗೋದ್ರೆಜ್ ಸಂಸ್ಥೆ 2006ರಲ್ಲಿ ಮುಂಬೈಯ ವಿಖ್ರೋಲಿಯಲ್ಲಿ ತನ್ನದನ್ನು ಸ್ಥಾಪಿಸಿತು. 1951-52ರ ಪ್ರಥಮ ಮಹಾ ಚುನಾವಣೆಗೆ ಇದೇ ಕಾರ್ಖಾನೆ ಲಕ್ಷಗಟ್ಟಲೆ ಉಕ್ಕಿನ ಮತಪೆಟ್ಟಿಗೆಗಳನ್ನು ತಯಾರಿಸಿಕೊಟ್ಟಿತ್ತು. ಒಂದು ಕಾರ್ಖಾನೆಯ ಉತ್ಪಾದನಾ ಕಾಗದ ಹೀಗೆ ದೇಶದ ಚರಿತ್ರೆಯ ಕಾಗದವೂ ಆಗಬಹುದು. ಆದರೆ ಬರೆಯುವ ದಿನ ಅದು ಯಾರಿಗೂ ಗೊತ್ತಿರುವುದಿಲ್ಲ.

ನಮ್ಮ ರಾಜ್ಯದಲ್ಲಿ 2001ರಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ತೆರೆದ ಪಾರಂಪರಿಕ ಕೇಂದ್ರವನ್ನು ಹಲವರು ನೋಡಿರಬಹುದು. ಅದು ವಸ್ತು ಸಂಗ್ರಹಾಲಯ. ಸಂಗ್ರಹಾಲಯ ಪ್ರದರ್ಶನಕ್ಕಾಗಿ ಆಯ್ಕೆ ಮಾಡುತ್ತದೆ, ಪತ್ರಾಗಾರ ಸಾಕ್ಷ್ಯಕ್ಕಾಗಿ. ಒಂದಿದ್ದರೆ ಇನ್ನೊಂದು ಬೇಡವೆನ್ನಲಾಗದು. ಕೇಂದ್ರ ಸರ್ಕಾರದ ಸಾರ್ವಜನಿಕ ಉದ್ದಿಮೆಗಳಿಗೆ 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಅನ್ವಯಿಸುತ್ತದೆ: ದಾಖಲೆ ಅಧಿಕಾರಿಯನ್ನು ನೇಮಿಸುವುದು ಕಡ್ಡಾಯ, ಮನಸ್ಸಿಗೆ ಬಂದಂತೆ ನಾಶಪಡಿಸಿದರೆ ಶಿಕ್ಷೆಯೂ ಉಂಟು. ಖಾಸಗಿ ಸಂಸ್ಥೆಗಳಿಗೆ ಇಂತಹ ಬಂಧನವಿಲ್ಲ. ಅವು ತಮಗೆ ತಾವೇ ನಿಯಮ ಹಾಕಿಕೊಳ್ಳಬೇಕು.

ಇಲ್ಲಿಯೇ ಮುಖ್ಯ ಪ್ರಶ್ನೆ ಏಳುತ್ತದೆ. ಪತ್ರಾಗಾರ ಯಾರ ಅಧೀನದಲ್ಲಿರಬೇಕು? ರೂಢಿಯಲ್ಲಿ ಅದನ್ನು ಸಾರ್ವಜನಿಕ ಸಂಪರ್ಕ ವಿಭಾಗಕ್ಕೆ ಒಪ್ಪಿಸುತ್ತಾರೆ. ಆಗ ಅದು ವಜ್ರಮಹೋತ್ಸವದ ಸ್ಮರಣ ಸಂಚಿಕೆಗೆ ಚಿತ್ರ ಒದಗಿಸುವ ಕಪಾಟಾಗಿ ಉಳಿಯುತ್ತದೆ. ಸಂಸ್ಥೆಗೆ ಶೋಭೆ ತರದ ಕಡತಗಳು, ಅಂದರೆ ಮುಷ್ಕರ, ಅಪಘಾತ, ಕೈಬಿಟ್ಟ ಯೋಜನೆಗಳು, ಅಲ್ಲಿಗೆ ತಲುಪುವುದೇ ಇಲ್ಲ. ನನ್ನ ಅಭಿಪ್ರಾಯದಲ್ಲಿ ಅದು ಕಂಪನಿ ಕಾರ್ಯದರ್ಶಿಯ ಅಧೀನದಲ್ಲಿರುವುದು ಸೂಕ್ತ. ಎಲ್ಲ ವಿಭಾಗಗಳಿಗೂ ಸುತ್ತೋಲೆ ಹೊರಡಿಸುವ ಅಧಿಕಾರ ಅವರಿಗಿರುತ್ತದೆ. ನಿರ್ದೇಶಕ ಮಂಡಳಿಯ ಠರಾವಿನಲ್ಲಿ ಒಂದೇ ವಾಕ್ಯ ಸಾಕು: ಪತ್ರಾಗಾರದ ಸಹಿಯಿಲ್ಲದೆ ಯಾವುದೇ ವಿಭಾಗದ ದಾಖಲೆ ಗೇಟು ದಾಟತಕ್ಕದ್ದಲ್ಲ. ಗೇಟ್ ಪಾಸಿನ ನಮೂನೆಯಲ್ಲಿ ಆ ಸಹಿಗೊಂದು ಖಾನೆ ಮುದ್ರಿಸಿದರೆ, ನೂರು ಪುಟದ ಕೈಪಿಡಿಗಿಂತ ಹೆಚ್ಚು ಕೆಲಸ ನಡೆಯುತ್ತದೆ.

ಸಹಿ ಹಾಕುವವರು ಎಲ್ಲವನ್ನೂ ಉಳಿಸುವವರಾಗಬಾರದು. ಎಲ್ಲವನ್ನೂ ಉಳಿಸಿದರೆ ಬೇಕಾದುದು ಸಿಗುವುದಿಲ್ಲ. ನೂರು ಕಡತಗಳಲ್ಲಿ ಶಾಶ್ವತವಾಗಿ ಉಳಿಯಬೇಕಾದವು ಬೆರಳೆಣಿಕೆಯಷ್ಟು. ಒಂದೇ ಪತ್ರದ ಹತ್ತು ಪ್ರತಿಗಳಿದ್ದರೆ ಕ್ರಮ ಕೈಗೊಂಡ ವಿಭಾಗದ ಪ್ರತಿ ಸಾಕು. ಉಳಿಸಿದ ಕಡತಗಳನ್ನು ವಿಷಯವಾರು ಮರುಜೋಡಿಸುವ ಉತ್ಸಾಹವನ್ನೂ ತಡೆಯಬೇಕು. ಟೂಲ್‌ರೂಮಿನ ಕಡತಗಳು ಟೂಲ್‌ರೂಮಿನವಾಗಿಯೇ, ಅವರು ಇಟ್ಟುಕೊಂಡಿದ್ದ ಕ್ರಮದಲ್ಲಿಯೇ ಇರಬೇಕು. ಒಂದು ಪತ್ರ ಯಾವುದರ ಹಿಂದೆ ಯಾವುದರ ಮುಂದೆ ಇತ್ತೆಂಬುದೂ ಸಾಕ್ಷ್ಯವೇ.

ಸಂಸ್ಥೆ ಕೈಬದಲಾದಾಗ ಈ ಕ್ರಮ ಮೊದಲು ಕೆಡುತ್ತದೆ. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಮೈಸೂರು ಸರ್ಕಾರದ ಉದ್ದಿಮೆಯಾಗಿತ್ತು. ಈಗ ಅದು ಭಾರತೀಯ ಉಕ್ಕು ಪ್ರಾಧಿಕಾರದ ಭಾಗ. ಇಂತಹ ಕಾರ್ಖಾನೆಯ ಚರಿತ್ರೆಯನ್ನು ಅರಸುವವರು ಸರ್ಕಾರದ ಕಡತಗಳಿಗೂ ಕಂಪನಿಯ ಕಡತಗಳಿಗೂ ಅಲೆಯಬೇಕು. ವಿಭಾಗವೊಂದನ್ನು ಮಾರುವ ಸದಸ್ಯರು ಮಾರಾಟದ ಕರಾರಿನಲ್ಲಿ ಯಂತ್ರ, ಭೂಮಿ, ಸಾಲಗಳ ಜೊತೆಗೆ ದಾಖಲೆಗಳು ಯಾರಿಗೆ ಸೇರತಕ್ಕದ್ದೆಂದು ಒಂದು ಷರತ್ತನ್ನು ಬರೆಸಿಕೊಳ್ಳುವುದು ಒಳ್ಳೆಯದು.

ಸಂರಕ್ಷಣೆಯ ಬಗ್ಗೆ ಹೇಳಬೇಕಾದುದು ಹೆಚ್ಚಿಲ್ಲ. ನೆಲಮಾಳಿಗೆ ಬೇಡ, ಬಿಸಿಲು ಕಾಯುವ ತಾರಸಿಯ ಕೆಳಗಿನ ಕೊಠಡಿಯೂ ಬೇಡ. ಉಕ್ಕಿನ ಕಪಾಟುಗಳ ಕೆಳಹಲಗೆ ನೆಲದಿಂದ 15 ಸೆಂ.ಮೀ. ಮೇಲಿರಲಿ, ಗೋಡೆಗೆ ತಾಗದಿರಲಿ. ಗೆದ್ದಲು ಬಂದರೆ ಕಣ್ಣಿಗೆ ಬೀಳಬೇಕು. ಗಾಳಿಯ ತೇವಾಂಶ ಶೇಕಡಾ 65 ಮೀರಿ ನಿಂತರೆ ಬೂಷ್ಟು ಹಿಡಿಯುತ್ತದೆ. ಕರಾವಳಿಯ ಸದಸ್ಯರು ಮಳೆಗಾಲದಲ್ಲಿ ಇದನ್ನು ವಿಶೇಷವಾಗಿ ಗಮನಿಸಬೇಕು. ತುಕ್ಕು ಹಿಡಿಯುವ ಪಿನ್ನುಗಳನ್ನು ತೆಗೆಯಬೇಕು. ಲ್ಯಾಮಿನೇಷನ್ ಮಾಡಿಸಲೇಬಾರದು, ಹಿಂದಕ್ಕೆ ಬಿಡಿಸಲಾಗದ ಯಾವ ಚಿಕಿತ್ಸೆಯೂ ಕಾಗದಕ್ಕೆ ಒಳ್ಳೆಯದಲ್ಲ. ಹಳೆಯ ನೀಲಿ ಪ್ರತಿಗಳದ್ದು ವಿಚಿತ್ರ ಸ್ವಭಾವ. ಬೆಳಕಿಗೆ ಮಾಸುವುದಲ್ಲದೆ ಕ್ಷಾರಕ್ಕೂ ಅವು ಬಣ್ಣ ಬಿಡುತ್ತವೆ. ಆದುದರಿಂದ ಇತರ ಕಾಗದಗಳಿಗೆ ಹಿತವಾದ, ಸುಣ್ಣದಂಶ ಬೆರೆಸಿದ ಆಮ್ಲರಹಿತ ಕವಚ ಇವಕ್ಕೆ ಹಿತವಲ್ಲ. ಟ್ರೇಸಿಂಗ್ ಬಟ್ಟೆಯ ಮೇಲಿನ ಡ್ರಾಯಿಂಗಿಗೆ ಗಂಜಿಯ ಲೇಪವಿರುತ್ತದೆ. ಒದ್ದೆ ಅರಿವೆಯಿಂದ ಒರೆಸಿದರೆ ಲೇಪದೊಡನೆ ಗೆರೆಯೂ ಹೋಗುತ್ತದೆ.

ಗಣಕಯಂತ್ರದ ಕಡತಗಳು ಕಾಗದಕ್ಕಿಂತ ಬೇಗ ಸಾಯುತ್ತವೆ. ತೊಂಬತ್ತರ ದಶಕದ ಫ್ಲಾಪಿಗಳಲ್ಲಿ ಡ್ರಾಯಿಂಗುಗಳನ್ನು ಇಟ್ಟವರು ಇದನ್ನು ಬಲ್ಲರು. ಮೂಲ ಕಡತದೊಂದಿಗೆ ಯಾವ ತಯಾರಕರ ತಂತ್ರಾಂಶಕ್ಕೂ ಕಟ್ಟುಬೀಳದ ರೂಪದ ಪ್ರತಿಯೊಂದನ್ನೂ ಇಡಬೇಕು: ಬರಹಕ್ಕೆ ಪಿಡಿಎಫ್-ಎ, ಮೂರು ಆಯಾಮದ ವಿನ್ಯಾಸಕ್ಕೆ ಸ್ಟೆಪ್. ಒಂದು ಪ್ರತಿ ಕಾರ್ಖಾನೆಯ ಆವರಣದಿಂದ ಹೊರಗಿರಲಿ. ವರ್ಷಕ್ಕೊಮ್ಮೆ ಕೆಲವನ್ನಾದರೂ ತೆರೆದು ನೋಡುವ ಕೆಲಸವನ್ನು ಹೆಸರು ಹೇಳಿ ಒಬ್ಬರಿಗೆ ವಹಿಸಬೇಕು.

ಪತ್ರಾಗಾರವನ್ನು ಆರಂಭಿಸುವವರಿಗೆ ಕಾಗದಕ್ಕಿಂತ ತುರ್ತಾದ ಒಂದು ಕೆಲಸವಿದೆ. ಪ್ರತಿ ಹಳೆಯ ಕಾರ್ಖಾನೆಯಲ್ಲೂ ಹೆಸರು, ದಿನಾಂಕಗಳಿಲ್ಲದ ಛಾಯಾಚಿತ್ರಗಳ ರಾಶಿಯಿರುತ್ತದೆ. ಅವುಗಳಲ್ಲಿರುವ ಯಂತ್ರವನ್ನೂ ಮುಖಗಳನ್ನೂ ಗುರುತಿಸಬಲ್ಲ ಫೋರ್‌ಮನ್ನರು, ಫಿಟ್ಟರುಗಳು ನಿವೃತ್ತರಾಗಿ ಊರಲ್ಲಿದ್ದಾರೆ. ಅವರ ವಯಸ್ಸು ಎಂಬತ್ತರ ಆಸುಪಾಸು. ಅವರನ್ನು ಒಂದು ಬೆಳಿಗ್ಗೆ ಗೌರವದಿಂದ ಕರೆಸಿ, ಮೇಜಿನ ಮೇಲೆ ಚಿತ್ರಗಳನ್ನು ಹರಡಿ, ಅವರು ಹೇಳುವುದನ್ನು ಧ್ವನಿಮುದ್ರಿಸಿಕೊಳ್ಳಬೇಕು. ಚಿತ್ರದ ಹಿಂಬದಿಯಲ್ಲಿ ಬರೆಯುವುದಾದರೆ ಮೆದು ಪೆನ್ಸಿಲಿನಿಂದ, ಅಂಚಿನಲ್ಲಿ, ಒತ್ತದೆ ಬರೆಯಬೇಕು. ಬಾಲ್‌ಪೆನ್ನಿನ ಗೆರೆ ಮುಂದಿನ ಮುಖದ ಮೇಲೆ ಮೂಡುತ್ತದೆ.