ಹಾಲ್‌ಗೆ ಕ್ರೀಮೋ, ಕಡು ಬೂದೋ?

ಪ್ರಶ್ನೆ: ನಮ್ಮದು ಶ್ರೀನಿವಾಸಪುರ ತಾಲ್ಲೂಕಿನ ಯಲ್ದೂರು. ಹಳೇ ಮನೆ ರಿಪೇರಿ ಮಾಡಿಸಿದ್ದೇವೆ. ಎರಡೂ ಪಕ್ಕ ಮನೆಗಳು ಅಂಟಿಕೊಂಡಿವೆ, ಹಾಲ್‌ಗೆ ಒಂದೇ ಕಿಟಕಿ. ಬೆಂಗಳೂರಿನಲ್ಲಿರುವ ಮಗನಿಗೆ ಒಳಗೆಲ್ಲ ಕಡು ಬೂದು ಬೇಕಂತೆ. ಕಣ್ಣು ಮಂಜಾಗಿರುವ ಅತ್ತೆ ಕ್ರೀಮ್ ಬಿಟ್ಟು ಬೇರೆ ಬೇಡ ಅನ್ನುತ್ತಾರೆ. ಮಾವಿನ ದುಡ್ಡು ಕೈಗೆ ಬಂದಿದೆ, ಪೇಂಟರ್ ದಿನಾ ಕೇಳುತ್ತಿದ್ದಾರೆ. ಏನು ಮಾಡಲಿ?
– ಹೆಸರು ಬೇಡ, ಯಲ್ದೂರು

ಉತ್ತರ: ಹಾಲ್‌ಗೆ ಕ್ರೀಮೇ ಹೊಡೆಸಿ, ತಾಯಿ. ನಿಮ್ಮ ಅತ್ತೆಯವರದು ಹಟವಲ್ಲ, ಅವರ ಕಣ್ಣಿನ ಕಷ್ಟ. ಬಣ್ಣ ಎಷ್ಟು ಬೆಳಕು ವಾಪಸ್ ಕೊಡುತ್ತದೆ ಎಂದು ಅಳೆಯಲು ಪೇಂಟ್ ಕಂಪನಿಗಳು ಎಲ್‌ಆರ್‌ವಿ ಎಂಬ ಅಂಕಿ ಬಳಸುತ್ತವೆ. ಕಪ್ಪಿಗೆ 0, ಬಿಳಿಗೆ 100. ತಿಳಿ ಕ್ರೀಮ್ ಸಾಮಾನ್ಯವಾಗಿ 70ರ ಮೇಲಿರುತ್ತದೆ, ಕಡು ಬೂದು 20ರ ಒಳಗೆ. ಒಂದೇ ಕಿಟಕಿಯ ಹಾಲ್‌ನಲ್ಲಿ ಬೂದು ಹೊಡೆಸಿದರೆ ಹಗಲಲ್ಲೂ ಲೈಟ್ ಹಾಕಿಕೊಂಡೇ ಓಡಾಡಬೇಕು.

ಕಡು ಬಣ್ಣದಲ್ಲಿ ಕೊಳೆ ಕಾಣುವುದಿಲ್ಲ ಎಂದು ಮಗ ಹೇಳಬಹುದು. ಸ್ವಿಚ್ ಬೋರ್ಡ್ ಸುತ್ತಲಿನ ಕೈಗುರುತಿನ ಮಟ್ಟಿಗೆ ಅದು ನಿಜ. ಆದರೆ ನಮ್ಮ ಕಡೆಯ ಕೆಮ್ಮಣ್ಣಿನ ಧೂಳು, ಕುರ್ಚಿ ತಾಗಿದ ಗೀಚು, ತೇವಕ್ಕೆ ಉಪ್ಪು ಬಿಟ್ಟ ಬಿಳಿ ಕಲೆ ಎದ್ದು ಕಾಣುವುದು ಕಡು ಗೋಡೆಯ ಮೇಲೇ. ಕ್ರೀಮ್‌ನಲ್ಲೇ ಒದ್ದೆ ಬಟ್ಟೆಯಲ್ಲಿ ಒರೆಸುವಂಥ ಪೇಂಟ್ ಕೇಳಿ ತನ್ನಿ.

ಹಾಗಂತ ಮಗನ ಆಸೆಯನ್ನು ತಳ್ಳಿಹಾಕಬೇಡಿ. ಅವನ ರೂಮಿನಲ್ಲಿ ಮಂಚದ ಹಿಂದಿನ ಗೋಡೆ ಅವನಿಷ್ಟದ ಬೂದು ಇರಲಿ. ಹಾಲ್‌ನ ಬಾಗಿಲ ಚೌಕಟ್ಟುಗಳಿಗೂ ಅದನ್ನೇ ಹೊಡೆಸಿ. ತಿಳಿ ಗೋಡೆಯ ನಡುವೆ ಕಡು ಚೌಕಟ್ಟಿದ್ದರೆ ಅಜ್ಜಿಗೆ ಬಾಗಿಲು ಸುಲಭವಾಗಿ ಗುರುತು ಸಿಗುತ್ತದೆ. ಮಗನಿಗೆ ಇದನ್ನು ನೀವೇ ಫೋನ್ ಮಾಡಿ ಹೇಳಿ.

ಶೇಡ್ ಕಾರ್ಡ್‌ನ ಚೂರು ನೋಡಿ ಬಣ್ಣ ಆರಿಸಬೇಡಿ. ಎರಡಡಿ ಅಗಲದ ರಟ್ಟಿನ ಮೇಲೆ ಎರಡು ಕೋಟ್ ಹೊಡೆಸಿ, ಒಣಗಿದ ಮೇಲೆ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಗೋಡೆಗೆ ಒರಗಿಸಿ ನೋಡಿ. ನೆಲ ರೆಡ್ ಆಕ್ಸೈಡ್ ಆಗಿದ್ದರೆ ಕ್ರೀಮ್ ಸ್ವಲ್ಪ ಗುಲಾಬಿಯಾಗಿ ಕಾಣುತ್ತದೆ. ಬಿಳಿ ಎಲ್‌ಇಡಿ ಬಲ್ಬಿನಡಿ ಬೂದು ನೀಲಿಗೆ ತಿರುಗುತ್ತದೆ. ಗಾರೆ ಹೊಸದಾದರೆ ಪೂರ್ತಿ ಒಣಗುವ ತನಕ ಪೇಂಟರ್ ಕಾಯಲಿ.

ಇನ್ನೊಂದು ಮಾತು. ಕ್ರೀಮ್ ಗೋಡೆಯನ್ನು ಮುಂದೆ ಯಾವಾಗ ಬೇಕಾದರೂ ಬೂದು ಮಾಡಬಹುದು. ಬೂದು ಗೋಡೆಯನ್ನು ಕ್ರೀಮ್ ಮಾಡಲು ಮತ್ತೆ ಪ್ರೈಮರ್, ಹೆಚ್ಚಿನ ಕೋಟ್, ಹೆಚ್ಚಿನ ಕೂಲಿ ಎಲ್ಲವೂ ಬೇಕು.