ಮಗು ಕಲಿಯುವುದು ಟೀಚರ್‌ಗಳ ಒಗ್ಗಟ್ಟಿನಲ್ಲಿ

ಶಾಲೆ ಆರಿಸುವಾಗ ಕಟ್ಟಡ, ಫೀಸು, ಫಲಿತಾಂಶ ಎಲ್ಲ ವಿಚಾರಿಸುತ್ತೇವೆ. ಶಿಕ್ಷಕರು ತಮ್ಮತಮ್ಮಲ್ಲಿ, ಮುಖ್ಯ ಶಿಕ್ಷಕರೊಂದಿಗೆ ಹೇಗಿದ್ದಾರೆ ಎಂದು ಕೇಳುವವರು ಕಡಿಮೆ. ಮಗುವಿನ ಕಲಿಕೆಗೂ ಅದಕ್ಕೂ ನೇರ ಸಂಬಂಧವಿದೆ.

ನಾಲ್ಕನೇ ತರಗತಿಯ ಐದಾರು ಮಕ್ಕಳು 52ರಲ್ಲಿ 27 ಕಳೆದು 35 ಎಂದು ಬರೆಯುತ್ತಾರೆನ್ನಿ. ಎರಡರಲ್ಲಿ ಏಳು ಹೋಗದ್ದಕ್ಕೆ ಏಳರಲ್ಲೇ ಎರಡನ್ನು ಕಳೆದಿದ್ದಾರೆ. “ಎಷ್ಟು ಹೇಳಿದರೂ ಇವರ ತಲೆಗೆ ಹತ್ತುತ್ತಿಲ್ಲ ಮೇಡಂ, ನೀವೊಮ್ಮೆ ಕ್ಲಾಸಿಗೆ ಬಂದು ನೋಡ್ತೀರಾ?” ಎಂದು ಮುಖ್ಯ ಶಿಕ್ಷಕಿಯನ್ನು ಕೇಳುವ ಧೈರ್ಯ ಟೀಚರ್‌ಗಿದ್ದರೆ, ಮೂರನೇ ತರಗತಿಯ ಟೀಚರನ್ನೂ ಕೂರಿಸಿಕೊಂಡು ಕಡ್ಡಿಕಟ್ಟು ಹಿಡಿದು ದಶಕವನ್ನು ಮತ್ತೆ ಬಿಡಿಸಿ ತೋರಿಸಬಹುದು. ಕೇಳಿದರೆ ತನ್ನ ತಲೆಗೇ ಬರುತ್ತದೆಂಬ ಅಂಜಿಕೆಯಿದ್ದರೆ ಅವರು ಸುಮ್ಮನಾಗುತ್ತಾರೆ. ಪಾಠ ಮುಗಿಯುತ್ತದೆ, ತಪ್ಪು ಐದನೇ ತರಗತಿಗೆ ಹೋಗುತ್ತದೆ.

ಅಮೆರಿಕದ ಶಿಕ್ಷಣ ಸಂಶೋಧಕರಾದ ಆಂಥನಿ ಬ್ರಿಕ್ ಮತ್ತು ಬಾರ್ಬರಾ ಶ್ನೈಡರ್ 1990ರ ದಶಕದಲ್ಲಿ ಶಿಕಾಗೋದ ಪ್ರಾಥಮಿಕ ಶಾಲೆಗಳನ್ನು ಅಧ್ಯಯನ ಮಾಡಿ, 2002ರಲ್ಲಿ ಪುಸ್ತಕ ತಂದರು. ಪರಸ್ಪರ ನಂಬಿಕೆ ಗಟ್ಟಿಯಿದ್ದ ಶಾಲೆಗಳು ಓದು, ಗಣಿತದಲ್ಲಿ ಸುಧಾರಿಸುವ ಸಾಧ್ಯತೆ ಎರಡರಲ್ಲಿ ಒಂದು. ನಂಬಿಕೆ ದುರ್ಬಲವಿದ್ದಲ್ಲಿ ಏಳರಲ್ಲಿ ಒಂದು. ನಂಬಿಕೆಯೊಂದರಿಂದಲೇ ಎಲ್ಲವೂ ಆಯಿತೆಂದಲ್ಲ, ಆದರೆ ಅಂತರ ದೊಡ್ಡದು.

ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿಯೂ ಇಂಥ ನಂಬಿಕೆಯಲ್ಲೇ ಬೆಳೆಯಿತು. 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿಬಂದು, ಒಟ್ಟಿಗೆ ಕೂತು ಕಲಿಕಾ ಕಾರ್ಡುಗಳನ್ನು ರೂಪಿಸಿದರು. ತರಗತಿ ಬಲ್ಲವರ ಮಾತಿಗೆ ಮೇಲಿನವರು ಬೆಲೆ ಕೊಟ್ಟಿದ್ದರಿಂದಲೇ ಅದು ಸಾಧ್ಯವಾಯಿತೆಂದು ನನ್ನ ನಂಬಿಕೆ.

ಪೋಷಕರ ಸಭೆಗೆ ಹೋದಾಗ ಗಮನಿಸಿ: ಗಣಿತದವರಿಗೆ ನಿಮ್ಮ ಮಗಳ ಕನ್ನಡದ ತೊಡಕು ಗೊತ್ತಿದೆಯೇ? ಶಿಕ್ಷಕರು ಮುಖ್ಯ ಶಿಕ್ಷಕರ ಎದುರು ಬಾಯಿಬಿಟ್ಟು ಮಾತಾಡುತ್ತಾರೆಯೇ? ವರ್ಷವರ್ಷವೂ ಶಿಕ್ಷಕರು ಬಿಟ್ಟುಹೋಗುತ್ತಿದ್ದರೆ ಕಾರಣ ವಿಚಾರಿಸಿ.

ಶಾಲೆಯೊಳಗಿನ ಈ ನಂಬಿಕೆ ಪೋಷಕರಾದ ನಮ್ಮಿಂದಲೂ ಕೆಡುತ್ತದೆ. ನೋಟ್ಸ್ ತಿದ್ದಿಲ್ಲವೆಂದು ನೆಟ್ಟಗೆ ಮುಖ್ಯ ಶಿಕ್ಷಕರಿಗೆ ದೂರು, ವಾಟ್ಸ್ಯಾಪ್ ಗುಂಪಿನಲ್ಲಿ ಟೀಚರ್ ಹೆಸರು ಹಿಡಿದು ಟೀಕೆ! ಆಮೇಲೆ ಆ ಟೀಚರ್ ತನ್ನ ಕಷ್ಟವನ್ನು ಯಾರ ಮುಂದೂ ಹೇಳುವುದಿಲ್ಲ. ಮೊದಲು ಅವರನ್ನೇ ಕೇಳಿ. ಬಗೆಹರಿಯದಿದ್ದರೆ ಟೀಚರ್, ಮುಖ್ಯ ಶಿಕ್ಷಕರು ಇಬ್ಬರೂ ಇರುವಾಗ ಮಾತಾಡಿ. ಹೊಡೆತ, ಅವಮಾನ, ಮಗುವಿನ ಸುರಕ್ಷತೆಯ ವಿಷಯವಾದರೆ ಮಾತ್ರ ಕಾಯದೆ ಮುಖ್ಯ ಶಿಕ್ಷಕರಿಗೆ ಲಿಖಿತವಾಗಿ ತಿಳಿಸಿ. ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ತಪ್ಪದೆ ಹೋಗಿ. ಶಿಕ್ಷಕರಿಗೆ ಒಟ್ಟಿಗೆ ಕೂತು ಪಾಠ ಯೋಜಿಸಲು ವಾರದಲ್ಲಿ ಒಂದು ಪೀರಿಯಡ್ ಆದರೂ ಸಿಗುತ್ತಿದೆಯೇ ಎಂದು ಅಲ್ಲಿ ಕೇಳಿ.