ಟೂಲ್ ಏನು ಮಾಡುವುದಿಲ್ಲ ಎಂಬುದನ್ನು ಮೊದಲು ಬರೆಯಿರಿ

ಲೇಖನಗಳ ಸಂಗ್ರಹದಿಂದ ಬೇಕಾದ ಬರಹವನ್ನು ಹುಡುಕಿ ತರುವ ಟೂಲ್‌ಗಳಿಗೆ ವಿವರಣೆ ಬರೆಯುವ ಕೆಲಸ ನನಗೆ ಒಂದು ಪಾಠವನ್ನು ಗಟ್ಟಿಯಾಗಿ ಕಲಿಸಿದೆ. ಟೂಲನ್ನು ಬಳಸುವುದು ಎಐ ಏಜೆಂಟ್ ಆಗಿದ್ದರೆ, ಟೂಲ್ ಏನು ಮಾಡುತ್ತದೆ ಎನ್ನುವುದಕ್ಕಿಂತ ಏನು ಮಾಡುವುದಿಲ್ಲ ಎನ್ನುವುದನ್ನು ಸ್ಪಷ್ಟವಾಗಿ ಬರೆಯುವುದು ಮುಖ್ಯ. ಮನುಷ್ಯರಿಗಾಗಿ ಬರೆದ ಕೈಪಿಡಿಯಲ್ಲಿ ಮಿತಿಗಳು ಕೊನೆಯ ಪುಟಕ್ಕೆ ಹೋದರೂ ಕೆಲಸ ನಡೆಯುತ್ತದೆ. ಅನುಮಾನ ಬಂದ ಪ್ರೋಗ್ರಾಮರ್ ಕೋಡ್ ತೆರೆದು ನೋಡುತ್ತಾರೆ, ಪಕ್ಕದವರನ್ನು ಕೇಳುತ್ತಾರೆ, ಇವತ್ತು ತಿಳಿದದ್ದನ್ನು ನಾಳೆಗೂ ನೆನಪಿಟ್ಟುಕೊಳ್ಳುತ್ತಾರೆ. ಏಜೆಂಟಿಗೆ ಸಾಮಾನ್ಯವಾಗಿ ಈ ಅನುಕೂಲಗಳಿಲ್ಲ. ಎಐ ಮಾಡೆಲ್‌ಗಳನ್ನು ಹೊರಗಿನ ಟೂಲ್‌ಗಳಿಗೆ ಜೋಡಿಸಲು 2024ರ ನವೆಂಬರ್‌ನಲ್ಲಿ ಎಐ ಕಂಪನಿ ಆಂಥ್ರೊಪಿಕ್ ಪ್ರಕಟಿಸಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲನ್ನೇ ನೋಡಿ. ಅದರಲ್ಲಿ ಟೂಲಿನ ಪರಿಚಯವೆಂದರೆ ಮುಖ್ಯವಾಗಿ ಮೂರು ಸಂಗತಿ: ಒಂದು ಹೆಸರು, ಸಾದಾ ಮಾತಿನ ವಿವರಣೆ, ಯಾವ ಮಾಹಿತಿಯನ್ನು ಯಾವ ರೂಪದಲ್ಲಿ ಕೊಡಬೇಕೆಂದು ತಿಳಿಸುವ ಜೇಸನ್ ಸ್ಕೀಮಾ. ಈ ಟೂಲನ್ನು ಕರೆಯಬೇಕೇ, ಏನು ಕೊಟ್ಟು ಕರೆಯಬೇಕು, ಬಂದ ಉತ್ತರವನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು ಎಂಬುದನ್ನು ಮಾಡೆಲ್ ನಿರ್ಧರಿಸುವುದು ಬಹುಪಾಲು ಇವುಗಳ ಆಧಾರದ ಮೇಲೆ. ನಿಯಮದ ಪ್ರಕಾರ ವಿವರಣೆ ಕಡ್ಡಾಯವಲ್ಲ. ಆದರೆ ಏಜೆಂಟ್ ಟೂಲನ್ನು ಬಳಸುವ ರೀತಿಯನ್ನು ರೂಪಿಸುವುದು ಅದೇ ಆದ್ದರಿಂದ, ಅದನ್ನು ಟೂಲಿನ ಒಂದು ಭಾಗವೆಂದೇ ನಾನು ಎಣಿಸುತ್ತೇನೆ.

ಮಿತಿಗಳನ್ನು ಬರೆಯದೆ ಬಿಟ್ಟರೆ ಆಗುವ ನಷ್ಟ ಕನ್ನಡದ ಹುಡುಕಾಟದಲ್ಲಿ ಎದ್ದು ಕಾಣುತ್ತದೆ. ಅಕ್ಷರಕ್ಕೆ ಅಕ್ಷರ ಹೋಲಿಸುವ ಟೂಲಿಗೆ ‘ಮೈಸೂರು’ ಎಂದು ಕೊಟ್ಟರೆ, ‘ಮೈಸೂರಿನಲ್ಲಿ’, ‘ಮೈಸೂರಿಗೆ’ ಎಂಬ ರೂಪಗಳಷ್ಟೇ ಇರುವ ಲೇಖನ ಅದರ ಕಣ್ಣಿಗೆ ಬೀಳುವುದಿಲ್ಲ. ವಿಭಕ್ತಿ ಸೇರಿದಾಗ ‘ರು’ ಹೋಗಿ ‘ರಿ’ ಬಂದಿರುತ್ತದೆ. ಯೂನಿಕೋಡ್ ಬಳಸದ ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿ ಹಾಗೆಯೇ ಉಳಿಸಿದ ಕಡತಗಳು ತೆರೆಯ ಮೇಲೆ ಕನ್ನಡವಾಗಿ ಕಂಡರೂ ಒಳಗಿರುವ ಸಂಕೇತಗಳು ಬೇರೆಯೇ. ಯೂನಿಕೋಡ್ ಪದಕ್ಕೆ ಅವು ಸಿಗುವುದಿಲ್ಲ. ಇಂಥ ಸಂದರ್ಭದಲ್ಲಿ ಟೂಲ್ ಖಾಲಿ ಪಟ್ಟಿಯನ್ನು ಹಿಂತಿರುಗಿಸುತ್ತದೆ. ತಾಂತ್ರಿಕವಾಗಿ ಅದರಲ್ಲಿ ದೋಷವೇನೂ ಇಲ್ಲ. ಆದರೆ ಖಾಲಿ ಪಟ್ಟಿಯ ಅರ್ಥವೇನೆಂದು ಎಲ್ಲೂ ಬರೆದಿಲ್ಲದಿದ್ದರೆ, ಈ ವಿಷಯದ ಬಗ್ಗೆ ಲೇಖನವೇ ಇಲ್ಲ ಎಂದು ಏಜೆಂಟ್ ಓದುಗರಿಗೆ ಹೇಳಿಬಿಡುವ ಸಾಧ್ಯತೆ ಹೆಚ್ಚು. ಹುಡುಕಾಟ ಅಕ್ಷರಶಃ ನಡೆಯುತ್ತದೆ, ವಿಭಕ್ತಿ ರೂಪಗಳನ್ನು ಗುರುತಿಸುವುದಿಲ್ಲ, ಏನೂ ಸಿಗದಿದ್ದರೆ ಪದದ ಬೇರೆ ರೂಪಗಳಿಂದ ಮತ್ತೆ ಹುಡುಕಬೇಕು, ಆಗಲೂ ಸಿಗದಿದ್ದರೆ ‘ನನಗೆ ಸಿಗಲಿಲ್ಲ’ ಎನ್ನಬೇಕೇ ಹೊರತು ‘ಇಲ್ಲ’ ಎನ್ನಬಾರದು: ಇಷ್ಟು ಬರೆದಿದ್ದರೆ ಏಜೆಂಟಿಗೆ ಸರಿಯಾದ ದಾರಿಯಾದರೂ ಕಾಣುತ್ತದೆ. ಪೂರ್ತಿ ಲೇಖನ ಬರುತ್ತದೆಯೋ ಮೊದಲ ಭಾಗ ಮಾತ್ರವೋ, ಸಂಗ್ರಹ ಯಾವ ವರ್ಷದಿಂದ ಶುರುವಾಗುತ್ತದೆ ಎಂಬುದೂ ಇದೇ ಬಗೆಯ ಮಾಹಿತಿ. ಅರ್ಧ ಲೇಖನವನ್ನು ಪೂರ್ತಿಯೆಂದು ತಿಳಿದು ಕೊಟ್ಟ ಸಾರಾಂಶದಲ್ಲಿ ಲೇಖಕರ ಕೊನೆಯ ತೀರ್ಮಾನವೇ ಬಿಟ್ಟುಹೋಗಬಹುದು.

ಇದಕ್ಕೆ ಬರುವ ಮೊದಲ ಆಕ್ಷೇಪ, ಮಾಡೆಲ್‌ಗಳು ದಿನೇ ದಿನೇ ಜಾಣವಾಗುತ್ತಿವೆ, ಇಷ್ಟು ಬಿಡಿಸಿ ಹೇಳುವ ಅಗತ್ಯ ಬೇಗ ತಪ್ಪುತ್ತದೆ ಎಂಬುದು. ಜಾಣತನ ಹೆಚ್ಚಿದಂತೆ ಏಜೆಂಟ್ ತಾನೇ ಎರಡು ಮೂರು ಬಗೆಯಲ್ಲಿ ಹುಡುಕಿ ನೋಡುತ್ತದೆ ಎಂಬುದನ್ನು ಒಪ್ಪುತ್ತೇನೆ. ಆದರೆ ನಿಮ್ಮ ಸಂಗ್ರಹದಲ್ಲಿ ಹಳೆಯ ಸಂಚಿಕೆಗಳು ಸೇರಿಲ್ಲ ಎಂಬುದು ತರ್ಕದಿಂದ ಹೊಳೆಯುವ ಸಂಗತಿಯಲ್ಲ. ಅದು ಯಾರಾದರೂ ಹೇಳಿದರೆ ಮಾತ್ರ ತಿಳಿಯುವ ವಾಸ್ತವ. ಸ್ಕೀಮಾ ಇರುವಾಗ ಮಾತಿನ ವಿವರಣೆ ಏಕೆ ಎಂಬುದು ಎರಡನೆಯ ಆಕ್ಷೇಪ. ದಿನಾಂಕವನ್ನು ಯಾವ ರೂಪದಲ್ಲಿ ಬರೆಯಬೇಕೆಂದು ಸ್ಕೀಮಾದ ನಿಯಮಗಳು ಹೇಳುತ್ತವೆ. ಆ ದಿನಾಂಕ ಲೇಖನ ಪ್ರಕಟವಾದದ್ದೋ ತಿದ್ದುಪಡಿಯಾದದ್ದೋ ಎಂಬುದನ್ನು ಮಾತಿನಲ್ಲೇ ಹೇಳಬೇಕು. ಮೂರನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಟೂಲ್‌ಗಳ ವಿವರಣೆಗಳು ಮಾಡೆಲಿನ ಮುಂದಿರುವ ಸೀಮಿತ ಜಾಗವನ್ನು ಆಕ್ರಮಿಸುತ್ತವೆ. ಅದೇ ಮಾತನ್ನು ಕನ್ನಡದಲ್ಲಿ ಬರೆದರೆ ಇಂಗ್ಲಿಷಿಗಿಂತ ಹೆಚ್ಚು ಟೋಕನ್‌ಗಳು, ಅಂದರೆ ಮಾಡೆಲ್ ಪಠ್ಯವನ್ನು ಒಡೆದುಕೊಳ್ಳುವ ತುಣುಕುಗಳು, ಖರ್ಚಾಗುವುದು ಸಾಮಾನ್ಯ. ಹಾಗಾಗಿ ಎಲ್ಲವನ್ನೂ ತುಂಬಬೇಕೆಂದು ನಾನು ಹೇಳುವುದಿಲ್ಲ. ತಪ್ಪು ಉತ್ತರಕ್ಕೆ ಕಾರಣವಾಗಬಲ್ಲ ಮಿತಿಗಳು ವಿವರಣೆಯಲ್ಲಿರಲಿ. ಅಪರೂಪದ ಸೂಚನೆಗಳನ್ನು ಟೂಲ್ ತನ್ನ ಉತ್ತರದ ಜೊತೆಗೆ, ಬೇಕಾದ ಹೊತ್ತಿಗೆ ಕೊಡಲಿ. ಜಾಗ ಸಾಲದಿದ್ದರೆ ತೆಗೆದುಹಾಕಬೇಕಾದದ್ದು ‘ಅತ್ಯಂತ ಶಕ್ತಿಶಾಲಿ’, ‘ಸುಲಭ’ ಎಂಬಂಥ ಹೊಗಳಿಕೆಯನ್ನು.

ವಿವರಣೆಯಿಂದ ಆಗದ ಕೆಲಸವೂ ಇದೆ. ತಂದ ಲೇಖನದ ಒಳಗೇ ಯಾರಾದರೂ ಏಜೆಂಟನ್ನು ದಾರಿ ತಪ್ಪಿಸುವ ಆದೇಶಗಳನ್ನು ಅಡಗಿಸಿಡಬಹುದು. 2022ರಲ್ಲಿ ಪ್ರೋಗ್ರಾಮರ್ ಸೈಮನ್ ವಿಲಿಸನ್ ಈ ಬಗೆಯ ದಾಳಿಗೆ ಪ್ರಾಂಪ್ಟ್ ಇಂಜೆಕ್ಷನ್ ಎಂಬ ಹೆಸರಿಟ್ಟರು. ತಂದ ಪಠ್ಯ ಓದುವುದಕ್ಕೆ ಮಾತ್ರ, ಅದರೊಳಗಿನ ಆದೇಶಗಳನ್ನು ಪಾಲಿಸಬಾರದು ಎಂದು ಬರೆಯುವುದು ಒಳ್ಳೆಯದೇ. ಅಷ್ಟರಿಂದಲೇ ರಕ್ಷಣೆ ಸಿಕ್ಕಿತೆಂದು ನಂಬಬಾರದು. ಏಜೆಂಟಿಗೆ ಕೊಡುವ ಅಧಿಕಾರವನ್ನೇ ಮಿತಿಯಲ್ಲಿಡಬೇಕು, ಮುಖ್ಯ ಹೆಜ್ಜೆಗಳಿಗೆ ಮನುಷ್ಯರ ಒಪ್ಪಿಗೆ ಬೇಕೆಂದು ವ್ಯವಸ್ಥೆ ಮಾಡಬೇಕು.

ವಿವರಣೆ ಸರಿಯಾಗಿದೆಯೇ ಎಂದು ತಿಳಿಯಲು, ಸಂಗ್ರಹದಲ್ಲಿ ಉತ್ತರವಿರುವ ಪ್ರಶ್ನೆಗಳ ಜೊತೆಗೆ ಉತ್ತರವೇ ಇಲ್ಲದ ಪ್ರಶ್ನೆಗಳನ್ನೂ ಏಜೆಂಟಿಗೆ ಕೇಳಿ ನೋಡಬೇಕು. ಎರಡನೆಯ ಬಗೆಯ ಪ್ರಶ್ನೆಗೆ ಅದು ಕಟ್ಟಿ ಹೇಳುತ್ತದೆಯೋ, ಸಿಗಲಿಲ್ಲವೆಂದು ಒಪ್ಪುತ್ತದೆಯೋ ಎಂಬುದರಲ್ಲಿ ನಮ್ಮ ಬರವಣಿಗೆಯ ಗುಣವೂ ತಿಳಿಯುತ್ತದೆ. ಓದುಗರು ಸಂಗ್ರಹಕ್ಕೆ ನೇರವಾಗಿ ಹೋಗದೆ ಏಜೆಂಟನ್ನೇ ಕೇಳತೊಡಗಿದಾಗ, ಅದು ‘ಇಲ್ಲ’ ಎಂದ ಲೇಖನ ಅವರ ಪಾಲಿಗೆ ಬರೆದೇ ಇಲ್ಲದಂತೆ. ಒಬ್ಬ ಲೇಖಕರ ಶ್ರಮ ಹೀಗೆ ಅಳಿಸಿಹೋಗದಂತೆ ನೋಡಿಕೊಳ್ಳುವ ಹೊಣೆಯನ್ನು ಮಾಡೆಲ್ ತಯಾರಿಸಿದವರಿಗೆ ವಹಿಸಿ ಸುಮ್ಮನಿರುವಂತಿಲ್ಲ. ಸಂಗ್ರಹದಲ್ಲಿ ಏನಿದೆ, ಏನಿಲ್ಲ ಎಂದು ಬಲ್ಲವರು ಟೂಲ್ ಕಟ್ಟಿದವರು. ಅದನ್ನು ಬರೆದಿಡಬೇಕಾದವರೂ ಅವರೇ.